ಸುದ್ದಿಮನೆ, ಓದುಗ ಮತ್ತು ನಡುವೆ ಬಂದ ಮೂರನೆಯವರು

‘ಪ್ರಜಾವಾಣಿ’ಯ ವಾಚಕರ ವಾಣಿಗೆ ಪತ್ರ ಬರೆದು, ಅದು ಅಚ್ಚಾದೀತೇ ಎಂದು ಕಾಯುವುದು ಕನ್ನಡದ ಹಲವು ತಲೆಮಾರುಗಳ ಓದುಗರಿಗೆ ಸಾರ್ವಜನಿಕ ಬದುಕಿನ ಮೊದಲ ಹೆಜ್ಜೆಯಾಗಿತ್ತು. ಊರಿನಲ್ಲಿ ಬಸ್ಸು ನಿಲ್ಲುತ್ತಿಲ್ಲ, ಶಾಲೆಗೆ ಪಠ್ಯಪುಸ್ತಕ ಬಂದಿಲ್ಲ, ನಿನ್ನೆಯ ಸಂಪಾದಕೀಯದ ನಿಲುವು ಸರಿಯಲ್ಲ ಎಂದೆಲ್ಲ ಅಂಚೆ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು. ಯಾವುದು ಪ್ರಕಟವಾಗಬೇಕು, ಎಷ್ಟು ಸಾಲು ಉಳಿಯಬೇಕು ಎಂಬುದನ್ನು ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು ತೀರ್ಮಾನಿಸುತ್ತಿದ್ದರು. ಪ್ರಕಟವಾಗದ ಪತ್ರ ಏಕೆ ಪ್ರಕಟವಾಗಲಿಲ್ಲ ಎಂಬುದು ಬರೆದವರಿಗೆ ತಿಳಿಯುತ್ತಿರಲಿಲ್ಲ. ಇಂದಿನ ಓದುಗರು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಗುಂಡಿ ಬಿದ್ದ ರಸ್ತೆಯ ಫೋಟೊ ತೆಗೆದು ಪಾಲಿಕೆ, ಶಾಸಕರು, ಪತ್ರಿಕೆ ಮೂರೂ ಖಾತೆಗಳನ್ನು ಟ್ಯಾಗ್ ಮಾಡಿದರೆ ಸಂಜೆಯೊಳಗೆ ಅದೇ ಒಂದು ಸುದ್ದಿಯಾಗಬಹುದು.

ಈ ಬದಲಾವಣೆಯನ್ನು ಬಿಡುಗಡೆಯೆಂದು ಕಾಣುವವರೂ ಇದ್ದಾರೆ, ಅನಾಹುತವೆಂದು ಕಾಣುವವರೂ ಇದ್ದಾರೆ. ಎರಡೂ ಕಡೆಯವರಲ್ಲಿ ಪತ್ರಿಕಾವೃತ್ತಿಯನ್ನು ಬಲ್ಲವರು, ಸಮಾಜದ ಹಿತ ಬಯಸುವವರು ಇದ್ದಾರೆ. ಒಂದು ಕಡೆಯವರನ್ನು ತಂತ್ರಜ್ಞಾನಕ್ಕೆ ಮರುಳಾದವರು ಎಂದೋ ಇನ್ನೊಂದು ಕಡೆಯವರನ್ನು ಹಳೆಯ ಯಜಮಾನಿಕೆಗೆ ಅಂಟಿಕೊಂಡವರು ಎಂದೋ ತಳ್ಳಿಹಾಕಿದರೆ ಚರ್ಚೆ ಮುಂದೆ ಸಾಗುವುದಿಲ್ಲ. ಇಬ್ಬರ ವಾದವನ್ನೂ ಅದರ ಅತ್ಯಂತ ಬಲವಾದ ರೂಪದಲ್ಲಿ ಎದುರಿಸುವುದು ನ್ಯಾಯ.

ಸಾಮಾಜಿಕ ಜಾಲತಾಣಗಳ ಪರವಾಗಿರುವವರು ಮೊದಲು ಕೇಳುವುದು ಹಳೆಯ ಸುದ್ದಿಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆಯನ್ನು. 2006ರಲ್ಲಿ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ಮತ್ತು ಯೋಗೇಂದ್ರ ಯಾದವ್ ದೆಹಲಿಯ ರಾಷ್ಟ್ರೀಯ ಮಾಧ್ಯಮಗಳಲ್ಲಿ ನಿರ್ಧಾರ ಕೈಗೊಳ್ಳುವ ಸ್ಥಾನದಲ್ಲಿದ್ದ 315 ಮಂದಿಯ ಹಿನ್ನೆಲೆಯನ್ನು ಪರಿಶೀಲಿಸಿದ್ದರು. ಆ ಪಟ್ಟಿಯಲ್ಲಿ ಒಬ್ಬ ದಲಿತರೂ ಒಬ್ಬ ಆದಿವಾಸಿಯೂ ಇರಲಿಲ್ಲ. ಯಾವುದು ಸುದ್ದಿ, ಯಾವುದು ಸುದ್ದಿಯಲ್ಲ ಎಂದು ನಿರ್ಧರಿಸುವ ಕೋಣೆಯಲ್ಲಿ ದೇಶದ ಇಷ್ಟು ದೊಡ್ಡ ಭಾಗಕ್ಕೆ ಜಾಗವೇ ಇರಲಿಲ್ಲವೆಂದರೆ, ಆ ಕೋಣೆಯ ವಿವೇಚನೆಯನ್ನು ಎಷ್ಟರ ಮಟ್ಟಿಗೆ ನಂಬುವುದು? ಈ ಪ್ರಶ್ನೆಗೆ ಸಂಪಾದಕೀಯ ಪರಂಪರೆಯನ್ನು ಗೌರವಿಸುವವರ ಬಳಿ ಈವರೆಗೂ ತೃಪ್ತಿಕರ ಉತ್ತರವಿಲ್ಲ ಎಂದೇ ನನಗೆ ಅನಿಸುತ್ತದೆ.

ಎರಡನೆಯ ಆಧಾರ 2021ರ ಏಪ್ರಿಲ್–ಮೇ ತಿಂಗಳುಗಳದು. ಕೋವಿಡ್‌ನ ಎರಡನೇ ಅಲೆಯಲ್ಲಿ ಬೆಂಗಳೂರಿನಿಂದ ದೆಹಲಿಯವರೆಗೆ ಜನ ಆಮ್ಲಜನಕದ ಸಿಲಿಂಡರಿಗಾಗಿ, ಐಸಿಯು ಹಾಸಿಗೆಗಾಗಿ ಟ್ವಿಟರ್, ಇನ್‌ಸ್ಟಾಗ್ರಾಂಗಳಲ್ಲಿ ಮೊರೆಯಿಟ್ಟರು. ಅಪರಿಚಿತರು ರಾತ್ರಿಯಿಡೀ ಆಸ್ಪತ್ರೆಗಳಿಗೆ ಕರೆ ಮಾಡಿ, ಎಲ್ಲಿ ಏನು ಲಭ್ಯವಿದೆ ಎಂಬ ಪಟ್ಟಿಗಳನ್ನು ಪರಿಷ್ಕರಿಸುತ್ತ ಹೋದರು. ಮಾರನೆಯ ಬೆಳಗಿನ ಪತ್ರಿಕೆಗೆ ಕಾಯುವಷ್ಟು ಸಮಯ ಆ ಕುಟುಂಬಗಳಿಗಿರಲಿಲ್ಲ. ಹೀಗೆ ಅಳಲು ತೋಡಿಕೊಂಡವರ ಬಾಯಿ ಮುಚ್ಚಿಸಲು ಹೋದರೆ ಅದನ್ನು ನ್ಯಾಯಾಂಗ ನಿಂದನೆಯೆಂದು ಪರಿಗಣಿಸಲಾಗುವುದು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರಂದು ಎಚ್ಚರಿಸಿತು. ಜನರೇ ಸುದ್ದಿಯ ಮೂಲವೂ ವಾಹಕವೂ ಆದಾಗ ಜೀವಗಳು ಉಳಿಯಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವವರು ಬೀದರಿನ ಹೆಸರು ಹೇಳುತ್ತಾರೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಬೀದರ್ ಜಿಲ್ಲೆಯ ಹಳ್ಳಿಯೊಂದರ ಬಳಿ ಶಾಲಾ ಮಕ್ಕಳಿಗೆ ಚಾಕೊಲೆಟ್ ಕೊಟ್ಟಿತು. ಮಕ್ಕಳ ಕಳ್ಳರ ಕುರಿತ ವದಂತಿ ಆ ವೇಳೆಗಾಗಲೇ ವಾಟ್ಸ್‌ಆ್ಯಪ್‌ ಗ್ರೂಪುಗಳಲ್ಲಿ ಹಬ್ಬಿತ್ತು. ಅನುಮಾನಗೊಂಡ ಜನ ಸುತ್ತುವರಿದಾಗ ಅವರು ಕಾರಿನಲ್ಲಿ ತಪ್ಪಿಸಿಕೊಂಡರೂ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಹಾಕಿ ಹಲ್ಲೆ ನಡೆಸಿದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಇಂಥದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕನೊಬ್ಬ ಬಲಿಯಾಗಿದ್ದ. ಒಬ್ಬ ವರದಿಗಾರ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿದ್ದರೆ ಆ ಸಂದೇಶದ ಸುಳ್ಳು ಬಯಲಾಗುತ್ತಿತ್ತು. ಪತ್ರಿಕಾವೃತ್ತಿ ಎಂದು ನಾವು ಕರೆಯುವುದರ ಬಹುಪಾಲು ಆ ಒಂದು ಫೋನ್ ಕರೆಯಲ್ಲಿದೆ ಎಂಬುದು ಇವರ ವಾದ.

ಈ ವಾದಕ್ಕೆ ಇತಿಹಾಸದ ಆಧಾರದ ಮೇಲೆ ಒಂದು ಆಕ್ಷೇಪ ಬರುತ್ತದೆ. ವದಂತಿಯನ್ನು ಹುಟ್ಟಿಸಿದ್ದು ವಾಟ್ಸ್‌ಆ್ಯಪ್‌ ಅಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ ಭೀತಿ ಹರಡಿದ್ದರಲ್ಲಿ ಸಾಮಾನ್ಯ ಎಸ್ಸೆಮ್ಮೆಸ್ಸುಗಳ ಪಾತ್ರ ದೊಡ್ಡದಿತ್ತು. ಕೇಂದ್ರ ಸರ್ಕಾರ ಆಗ ಸಗಟು ಎಸ್ಸೆಮ್ಮೆಸ್ಸುಗಳ ಮೇಲೆ ಹದಿನೈದು ದಿನ ನಿರ್ಬಂಧ ಹೇರಿತ್ತು. ಇನ್ನು ಪರಿಶೀಲನೆಯ ಗುತ್ತಿಗೆ ಹಿಡಿದಿದ್ದೇವೆ ಎನ್ನುವ ಪತ್ರಿಕೆಗಳ ದಾಖಲೆಯೂ ನಿಷ್ಕಳಂಕವಲ್ಲ. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಪ್ರಚಾರವನ್ನೇ ಸುದ್ದಿಯೆಂದು ಅಚ್ಚುಹಾಕಿದ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಭಾರತೀಯ ಪತ್ರಿಕಾ ಮಂಡಳಿಗೆ ವಿವರವಾದ ವರದಿ ಕೊಟ್ಟಿದ್ದರು. ಮಂಡಳಿ 2010ರಲ್ಲಿ ಅದರ ಸಾರಾಂಶವನ್ನಷ್ಟೇ ಅಂಗೀಕರಿಸಿತು. ಪೂರ್ಣ ವರದಿ ಹೊರಬಂದದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರ. ಓದುಗರಿಗೆ ಪತ್ರಿಕೆಗಳ ಮೇಲಿದ್ದ ನಂಬಿಕೆ ಜಾಲತಾಣಗಳು ಬರುವ ಮೊದಲೇ ಸಡಿಲಗೊಂಡಿತ್ತು ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ, ಅದು ಸಣ್ಣದಲ್ಲ. ಪ್ರತಿ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲೋ ಒಳಪುಟದ ಮೂಲೆಯಲ್ಲೋ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. 1867ರ ಕಾನೂನಿನಿಂದ ಬಂದ ಕಟ್ಟುಪಾಡು ಅದು. ತಪ್ಪು ಮಾಡಿದ ಪತ್ರಿಕೆಗೆ ನೋಟಿಸು ಕಳಿಸಬಹುದು, ನ್ಯಾಯಾಲಯಕ್ಕೆ ಎಳೆಯಬಹುದು, ಕಡೇಪಕ್ಷ ಕಚೇರಿಗೆ ಹೋಗಿ ಜಗಳವಾಡಬಹುದು. ನೂರು ಕೈ ದಾಟಿ ಬಂದ ಫಾರ್ವರ್ಡಿಗೆ ಇಂಥ ವಿಳಾಸವಿಲ್ಲ. ಕಾಸಿಗಾಗಿ ಸುದ್ದಿಯ ಹಗರಣವನ್ನು ಬಯಲಿಗೆಳೆಯಲು ಸಾಧ್ಯವಾದದ್ದೂ ಹೊಣೆ ಹೊರಿಸಲು ಒಂದು ಹೆಸರು ಇದ್ದುದರಿಂದಲೇ.

ವೇಗದ ಬಗ್ಗೆಯೂ ಎದುರು ಪಕ್ಷದ ಬಳಿ ಗಟ್ಟಿ ಸಾಕ್ಷ್ಯವಿದೆ. ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ ಸುಮಾರು 1.26 ಲಕ್ಷ ಸುದ್ದಿಗಳನ್ನು ಅಧ್ಯಯನ ಮಾಡಿ, 2018ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳು ಮರುಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಹೆಚ್ಚೆಂದು ಅವರು ಕಂಡುಕೊಂಡರು. ಇದಕ್ಕೆ ಯಂತ್ರಚಾಲಿತ ಖಾತೆಗಳು ಕಾರಣವಲ್ಲ, ಮನುಷ್ಯರೇ ಕಾರಣ ಎಂಬುದೂ ಅದೇ ಅಧ್ಯಯನದ ಮಾತು. ಹೊಸದು, ಬೆರಗು ಹುಟ್ಟಿಸುವುದು, ಅಸಹ್ಯ ತರಿಸುವುದು ಬೇಗ ಕೈದಾಟುತ್ತದೆ. ಆದರೆ ಇದೇ ಅಂಶ ಇನ್ನೊಂದು ದಿಕ್ಕಿಗೂ ಬೊಟ್ಟು ಮಾಡುತ್ತದೆ. ಮುರ್ಕಿಯ ಘಟನೆ ನಡೆದ ಒಂದು ವಾರದಲ್ಲಿ ವಾಟ್ಸ್‌ಆ್ಯಪ್‌ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಕೈದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದು ಅದನ್ನು ಬಿಗಿಗೊಳಿಸಿದಾಗ, ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಸುಳ್ಳಿನ ವೇಗ ಮನುಷ್ಯ ಸ್ವಭಾವದಲ್ಲಿ ಎಷ್ಟಿದೆಯೋ ಆ ಆ್ಯಪ್‌ನ ವಿನ್ಯಾಸದಲ್ಲೂ ಅಷ್ಟೇ ಇದೆ. ವಿನ್ಯಾಸವನ್ನು ಬದಲಿಸಬಹುದಾದರೆ ಓದುಗರ ಭಾಗವಹಿಸುವಿಕೆಯನ್ನೇ ದೂಷಿಸುವುದು ಸರಿಯಾಗಲಾರದು.

ಭಾಗವಹಿಸುವಿಕೆ ಎಂದಾಗ ಯಾರು ಭಾಗವಹಿಸುತ್ತಾರೆ ಎಂಬುದನ್ನೂ ಕೇಳಬೇಕು. ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ತನ್ನ ತಾಣದಲ್ಲಿ ಓದುಗರು ಬರೆದ 7 ಕೋಟಿ ಪ್ರತಿಕ್ರಿಯೆಗಳನ್ನು 2016ರಲ್ಲಿ ವಿಶ್ಲೇಷಿಸಿತು. ಅತಿ ಹೆಚ್ಚು ನಿಂದನೆಗೆ ಗುರಿಯಾದ ಹತ್ತು ಜನ ಲೇಖಕರಲ್ಲಿ ಎಂಟು ಮಂದಿ ಮಹಿಳೆಯರು, ಉಳಿದ ಇಬ್ಬರು ಕಪ್ಪು ಜನಾಂಗದ ಪುರುಷರು. ಕನ್ನಡದಲ್ಲಿ ಇಂಥ ಎಣಿಕೆ ನಡೆಯದಿದ್ದರೂ ಜಾತಿ, ಧರ್ಮ, ಲೈಂಗಿಕತೆಯ ಬಗ್ಗೆ ಬರೆಯುವ ಹೆಣ್ಣುಮಕ್ಕಳ ಫೇಸ್‌ಬುಕ್ ಗೋಡೆಯನ್ನು ನೋಡಿದ ಯಾರಿಗೂ ಇದರಲ್ಲಿ ಅಚ್ಚರಿ ಕಾಣದು. ಎಲ್ಲರಿಗೂ ತೆರೆದಿಟ್ಟ ಜಗಲಿಯಲ್ಲಿ ಗಟ್ಟಿ ಗಂಟಲಿನವರೇ ಕೂತುಬಿಟ್ಟರೆ ಮೆಲುದನಿಯವರು ಎದ್ದು ಹೋಗುತ್ತಾರೆ. ವಾಚಕರ ವಾಣಿಯ ಉಪಸಂಪಾದಕರು ಬೈಗುಳದ ಪತ್ರವನ್ನು ಕಸದ ಬುಟ್ಟಿಗೆ ಹಾಕಿದಾಗ ಒಬ್ಬರ ಮಾತನ್ನು ತಡೆದಿದ್ದು ನಿಜ, ಇನ್ನೊಬ್ಬರು ಮಾತನಾಡಲು ಜಾಗ ಉಳಿಸಿದ್ದೂ ನಿಜ.

ಆದರೆ ಆ ಉಪಸಂಪಾದಕರ ಮೇಲಧಿಕಾರಿಯೇ ತಪ್ಪಿತಸ್ಥನೆಂಬ ಆರೋಪ ಬಂದರೆ ಎಲ್ಲಿ ಹೇಳಿಕೊಳ್ಳುವುದು? 2018ರ ಅಕ್ಟೋಬರ್‌ನಲ್ಲಿ ಭಾರತದ ಪತ್ರಕರ್ತೆಯರು ತಮ್ಮ ಸಂಪಾದಕರಿಂದ ಅನುಭವಿಸಿದ ಲೈಂಗಿಕ ಕಿರುಕುಳವನ್ನು ಟ್ವಿಟರ್‌ನಲ್ಲಿ ಹೇಳತೊಡಗಿದರು. ಹಿಂದೆ ಸಂಪಾದಕರಾಗಿದ್ದು ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಆರೋಪಗಳನ್ನು ನಿರಾಕರಿಸಿ, ಆರೋಪ ಮಾಡಿದ್ದ ಪತ್ರಕರ್ತೆ ಪ್ರಿಯಾ ರಮಾನಿ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ, ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2021ರ ಫೆಬ್ರುವರಿಯಲ್ಲಿ ದೆಹಲಿಯ ನ್ಯಾಯಾಲಯ ರಮಾನಿ ಅವರನ್ನು ಖುಲಾಸೆಗೊಳಿಸಿತು. ದಶಕಗಳ ಕಾಲ ಒಳಗೇ ಉಳಿದಿದ್ದ ಇಂಥ ಮಾತುಗಳನ್ನು ಒಟ್ಟಾಗಿ ಹೊರಗೆ ತಂದದ್ದು ಸುದ್ದಿಮನೆಯ ಹೊರಗಿನ ವೇದಿಕೆ. ಪರಿಶೀಲನೆಯ ಹೊಣೆ ಹೊತ್ತವರು ತಮ್ಮನ್ನೇ ಪರಿಶೀಲಿಸಿಕೊಳ್ಳುವಲ್ಲಿ ಸೋತಾಗ ಇನ್ನೊಂದು ಕಣ್ಣು ಬೇಕಾಗುತ್ತದೆ ಎಂಬುದನ್ನು ಯಾವ ನ್ಯಾಯಯುತ ಮನಸ್ಸೂ ಅಲ್ಲಗಳೆಯಲಾರದು.

ಇಷ್ಟು ಹೊತ್ತು ಸುದ್ದಿಮನೆ ಮತ್ತು ಓದುಗ ಎಂಬ ಇಬ್ಬರ ನಡುವಿನ ವ್ಯಾಜ್ಯವೆಂಬಂತೆ ಮಾತಾಡಿದ್ದಾಯಿತು. ಈ ಇಬ್ಬರ ನಡುವೆ ಬಂದು ನಿಂತ ಮೂರನೆಯವರನ್ನು, ಅಂದರೆ ಜಾಲತಾಣಗಳ ಕಂಪನಿಗಳನ್ನು, ಎರಡೂ ಕಡೆಯವರು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಷಯದ ತಿರುಳು ಇರುವುದೂ ಇಲ್ಲಿಯೇ. 2015ರಲ್ಲಿ ಫೇಸ್‌ಬುಕ್ ‘ಇನ್‌ಸ್ಟಂಟ್ ಆರ್ಟಿಕಲ್ಸ್’ ಎಂಬ ವ್ಯವಸ್ಥೆ ತಂದು ಪತ್ರಿಕೆಗಳು ತನ್ನೊಳಗೇ ಸುದ್ದಿ ಪ್ರಕಟಿಸುವಂತೆ ಕರೆಯಿತು. 2018ರ ಜನವರಿಯಲ್ಲಿ, ಇನ್ನು ಮುಂದೆ ಬಂಧುಮಿತ್ರರ ಬರಹಗಳಿಗೆ ಆದ್ಯತೆ, ಸಂಸ್ಥೆಗಳ ಪುಟಗಳು ಕಡಿಮೆ ಕಾಣುತ್ತವೆ ಎಂದು ಪ್ರಕಟಿಸಿತು. 2023ರಲ್ಲಿ ಇನ್‌ಸ್ಟಂಟ್ ಆರ್ಟಿಕಲ್ಸ್ ಅನ್ನೇ ನಿಲ್ಲಿಸಿತು. ಈ ಮೂರು ತೀರ್ಮಾನಗಳಲ್ಲಿ ಯಾವೊಂದಕ್ಕೂ ಓದುಗರ ಒಪ್ಪಿಗೆ ಕೇಳಿರಲಿಲ್ಲ, ಸಂಪಾದಕರದ್ದೂ ಕೇಳಿರಲಿಲ್ಲ.

ಕೆನಡಾದ ಅನುಭವ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಸುದ್ದಿ ಬಳಸಿಕೊಳ್ಳುವ ಕಂಪನಿಗಳು ಸುದ್ದಿಸಂಸ್ಥೆಗಳಿಗೆ ಹಣ ಕೊಡಬೇಕೆಂದು ಅಲ್ಲಿನ ಸಂಸತ್ತು 2023ರ ಜೂನ್‌ನಲ್ಲಿ ಕಾನೂನು ಮಾಡಿತು. ಮೆಟಾ ಕಂಪನಿ ಆಗಸ್ಟ್‌ನಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಕೆನಡಿಯನ್ನರಿಗೆ ಸುದ್ದಿಯೇ ಕಾಣದಂತೆ ಮಾಡಿತು. ಅದೇ ತಿಂಗಳು ಕಾಳ್ಗಿಚ್ಚಿನಿಂದಾಗಿ ಯೆಲ್ಲೋನೈಫ್ ಪಟ್ಟಣವನ್ನು ತೆರವುಗೊಳಿಸಬೇಕಾಯಿತು. ಜನ ಸುದ್ದಿಯ ಕೊಂಡಿ ಹಂಚಲಾಗದೆ ಸ್ಕ್ರೀನ್‌ಶಾಟ್ ತೆಗೆದು ಕಳಿಸುವಂತಾಯಿತು. ಗೂಗಲ್ ಮಾತ್ರ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು. ಆ ಕಾನೂನನ್ನು ಸಮರ್ಥಿಸುವವರು, ಬೇರೆಯವರ ದುಡಿಮೆಯ ಮೇಲೆ ಜಾಹೀರಾತು ಗಳಿಸುವವರು ಪಾಲು ಕೊಡುವುದು ಧರ್ಮವೆನ್ನುತ್ತಾರೆ. ವಿರೋಧಿಸುವವರು, ಕೊಂಡಿ ಹಂಚಿಕೊಂಡಿದ್ದಕ್ಕೆ ಹಣ ಕೇಳುವುದು ವಿಚಿತ್ರ, ಅದರಿಂದ ಪತ್ರಿಕೆಗಳಿಗೇ ಓದುಗರು ಸಿಗುತ್ತಾರಲ್ಲ ಎನ್ನುತ್ತಾರೆ. ಎರಡರಲ್ಲೂ ಹುರುಳಿದೆ. ಆದರೆ ಒಂದು ಖಾಸಗಿ ಕಂಪನಿ ಮನಸ್ಸು ಮಾಡಿದರೆ ಇಡೀ ದೇಶದ ಕಣ್ಣಿನಿಂದ ಸುದ್ದಿಯನ್ನು ಮರೆಮಾಡಬಲ್ಲದು ಎಂಬುದು ಸಾಬೀತಾದ ಮೇಲೆ, ಓದುಗರ ಬಿಡುಗಡೆಯ ಮಾತನ್ನು ಒಂದಿಷ್ಟು ಎಚ್ಚರದಿಂದ ಆಡಬೇಕಾಗುತ್ತದೆ.

ಇದಕ್ಕೂ ಪ್ರತಿವಾದವಿದೆ, ಅದು ಕನ್ನಡದ ನೆಲದಿಂದಲೇ ಬರುತ್ತದೆ. ಮುದ್ರಣ ಯಂತ್ರ, ಕಾಗದ, ಏಜೆಂಟರ ಜಾಲ ಯಾವುದೂ ಇಲ್ಲದೆ ಓದುಗರ ಬೆಂಬಲದಿಂದ ನಡೆಯುವ ‘ಈದಿನ’ದಂಥ ಸುದ್ದಿತಾಣ ಇಪ್ಪತ್ತು ವರ್ಷದ ಹಿಂದೆ ಕಲ್ಪನೆಗೂ ನಿಲುಕುತ್ತಿರಲಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅದು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರನ್ನು ಮನೆಮನೆಗೆ ಕಳಿಸಿ, 40 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ, ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಬರಬಹುದೆಂದು ಅಂದಾಜಿಸಿತ್ತು. ಬಂದದ್ದು 135. ಅತಂತ್ರ ವಿಧಾನಸಭೆಯ ಸೂಚನೆ ಕೊಟ್ಟ ಸಮೀಕ್ಷೆಗಳೂ ಇದ್ದ ಸಮಯ ಅದು. ಓದುಗರ ಹಣವನ್ನೇ ನಂಬಿ ಜಾಹೀರಾತಿಲ್ಲದೆ ಪತ್ರಿಕೆ ನಡೆಸಬಹುದೆಂದು 1980ರಲ್ಲಿ ಪಿ. ಲಂಕೇಶ್ ತೋರಿಸಿದ್ದರು. ಅಂಥ ಸಾಹಸದ ಆರಂಭಿಕ ವೆಚ್ಚವನ್ನು ಜಾಲತಾಣಗಳು ತಗ್ಗಿಸಿವೆ ಎಂಬುದನ್ನು ಒಪ್ಪಲೇಬೇಕು.

ಹಾಗಾದರೆ ಸರ್ಕಾರವೇ ನಡುವೆ ಬಂದು ಸುಳ್ಳನ್ನು ನಿಯಂತ್ರಿಸಲಿ ಎನ್ನುವವರ ಮಾತು? ಗುಂಪು ಹತ್ಯೆಗಳನ್ನು ಕಂಡ ರಾಜ್ಯದಲ್ಲಿ ಈ ಬೇಡಿಕೆ ಹುಟ್ಟುವುದು ಸಹಜ. ಆದರೆ ಅನುಭವ ಹಿಂಜರಿಕೆ ಹುಟ್ಟಿಸುತ್ತದೆ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳನ್ನು ಶಿಕ್ಷಾರ್ಹವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಅಸಾಂವಿಧಾನಿಕವೆಂದು ರದ್ದುಮಾಡಿತು. ತನ್ನ ಕೆಲಸದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ಹೇಳುವ ಸತ್ಯಶೋಧನಾ ಘಟಕಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ತಂದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. 2025ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಚರ್ಚೆಗೆ ಬಂದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗಿನ ಜೈಲು ಶಿಕ್ಷೆಯ ಪ್ರಸ್ತಾವವಿತ್ತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಒಂದೇ ದಾರಿ ಹಿಡಿಯುವುದನ್ನು ನೋಡಿದರೆ ತೊಂದರೆ ಯಾವುದೋ ಒಂದು ಪಕ್ಷದ್ದಲ್ಲ, ಅಧಿಕಾರದ್ದೇ ಎನಿಸುತ್ತದೆ. ಹಿಂಸೆಗೆ ಪ್ರಚೋದಿಸುವವರನ್ನು ಹಿಡಿಯಲು ಅಪರಾಧ ಕಾನೂನು ಇದೆ. ನಿಜ ಯಾವುದೆಂದು ತೀರ್ಪು ಕೊಡುವ ಅಧಿಕಾರವನ್ನು ಆಳುವವರ ಕೈಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉಳಿಯುವ ದಾರಿ ಸುದ್ದಿಮನೆಯೂ ಓದುಗರೂ ಸೇರಿ ಹಿಡಿಯಬೇಕಾದದ್ದು. 2010ರಲ್ಲಿ ಛತ್ತೀಸಗಡದಲ್ಲಿ ಶುಭ್ರಾಂಶು ಚೌಧರಿ ಶುರುಮಾಡಿದ ‘ಸಿಜಿನೆಟ್ ಸ್ವರ’ದಲ್ಲಿ ಅದರ ಸುಳಿವು ಸಿಗುತ್ತದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಯ ತಂತ್ರಜ್ಞರ ನೆರವಿತ್ತು ಅದಕ್ಕೆ. ಓದು ಬರಹ ಬಾರದ ಆದಿವಾಸಿಗಳು ಸಾಧಾರಣ ಮೊಬೈಲಿನಿಂದ ಕರೆ ಮಾಡಿ ತಮ್ಮ ಮಾತಿನಲ್ಲೇ ಸುದ್ದಿ ಹೇಳುತ್ತಿದ್ದರು. ಕೂಲಿ ಬಂದಿಲ್ಲ, ಕೈಪಂಪು ಕೆಟ್ಟಿದೆ, ಮೇಷ್ಟರು ಬರುವುದಿಲ್ಲ ಎಂಬಂಥ ಸುದ್ದಿಗಳು. ಗಮನಿಸಬೇಕಾದ ಅಂಶವೆಂದರೆ, ದಾಖಲಾದ ದನಿ ನೇರವಾಗಿ ಪ್ರಸಾರವಾಗುತ್ತಿರಲಿಲ್ಲ. ನಡುವೆ ಅದನ್ನು ಕೇಳಿ ಪರಿಶೀಲಿಸುವವರಿದ್ದರು. ಸುದ್ದಿ ಹೇಳುವ ಹಕ್ಕು ಎಲ್ಲರದು, ಪರಿಶೀಲಿಸುವ ಹೊಣೆ ಹೆಸರಿರುವ ಕೆಲವರದು ಎಂಬ ಈ ಹಂಚಿಕೆ ಎರಡೂ ಪಕ್ಷಗಳ ಬಲವಾದ ಕಾರಣಗಳಿಗೆ ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ.

ಸುದ್ದಿಮನೆಯೊಳಗೂ ಇಂಥ ಹೊಣೆಯ ಹುದ್ದೆ ಇರಬಲ್ಲದು. ಓದುಗರ ಪರವಾಗಿ ಪತ್ರಿಕೆಯ ಕೆಲಸವನ್ನು ಪರಿಶೀಲಿಸುತ್ತಿದ್ದ ಪಬ್ಲಿಕ್ ಎಡಿಟರ್ ಹುದ್ದೆಯನ್ನು ‘ನ್ಯೂಯಾರ್ಕ್ ಟೈಮ್ಸ್’ 2017ರಲ್ಲಿ ರದ್ದುಮಾಡಿತು. ಜಾಲತಾಣಗಳಲ್ಲಿರುವ ಓದುಗರ ಸಮೂಹವೇ ಈಗ ಕಾವಲು ಕಾಯುತ್ತದೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ‘ದಿ ಹಿಂದೂ’ 2006ರಲ್ಲಿ ಕೆ. ನಾರಾಯಣನ್ ಅವರನ್ನು ರೀಡರ್ಸ್ ಎಡಿಟರ್ ಆಗಿ ನೇಮಿಸಿ ಓದುಗರ ದೂರುಗಳಿಗೆ ಒಂದು ಅಧಿಕೃತ ಕಿವಿ ಕೊಟ್ಟಿತ್ತು. ಈ ಎರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಸಮೂಹ ತಪ್ಪನ್ನು ಬೇಗ ಕಾಣುತ್ತದೆ, ಆದರೆ ದೂರಿಗೆ ಲಿಖಿತ ಉತ್ತರ ಕೊಡಲಾರದು. ಕನ್ನಡ ಪತ್ರಿಕೆಗಳು ಮತ್ತು ವಾಹಿನಿಗಳು ಇಂಥ ಒಂದು ಪೀಠವನ್ನು ಇಟ್ಟುಕೊಳ್ಳಲಿ. ಸುದ್ದಿ ಯಾವ ವಾಟ್ಸ್‌ಆ್ಯಪ್‌ ಚಾನೆಲ್ಲಿನಲ್ಲಿ, ಯಾವ ಫೇಸ್‌ಬುಕ್ ಪುಟದಲ್ಲಿ ಹೋಯಿತೋ ತಿದ್ದುಪಡಿಯೂ ಅಲ್ಲೇ, ಅಷ್ಟೇ ದೊಡ್ಡದಾಗಿ ಹೋಗಲಿ. ಓದುಗರು ಕಳಿಸಿದ ಫೋಟೊ, ವಿಡಿಯೊಗಳನ್ನು ಪರಿಶೀಲಿಸಿದವರ ಹೆಸರು ಸುದ್ದಿಯ ಅಡಿಯಲ್ಲಿರಲಿ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಪರಿಶೀಲನೆಗೆ ಕಾದರೆ ಸುದ್ದಿ ಒಂದೆರಡು ಗಂಟೆ ತಡವಾಗಬಹುದು, ಅಷ್ಟರಲ್ಲಿ ಪ್ರತಿಸ್ಪರ್ಧಿಯ ವಿಡಿಯೊ ಲಕ್ಷ ವ್ಯೂಸ್ ದಾಟಿರಬಹುದು. ಜಾಹೀರಾತು ಇಳಿಯುತ್ತಿರುವ ದಿನಗಳಲ್ಲಿ ಇನ್ನೊಂದು ಸಂಬಳದ ಹುದ್ದೆ ಸಣ್ಣ ಜಿಲ್ಲಾ ಪತ್ರಿಕೆಗಳಿಗೆ ಕಷ್ಟವೇ. ನಾಲ್ಕಾರು ಜಿಲ್ಲಾ ಪತ್ರಿಕೆಗಳು ಸೇರಿ ಒಬ್ಬ ಓದುಗರ ಸಂಪಾದಕರನ್ನು ನೇಮಿಸಿಕೊಳ್ಳುವುದು ಸಾಧ್ಯವೇ ಎಂದು ಅವುಗಳ ಮಾಲೀಕರು ಒಮ್ಮೆ ಕೂತು ಲೆಕ್ಕ ಹಾಕಿ ನೋಡಬಹುದು. ಆ ಖರ್ಚಿನಲ್ಲಿ ಸ್ವಲ್ಪ ಪಾಲನ್ನು ಚಂದಾ ಹಣದ ರೂಪದಲ್ಲಿ ಓದುಗರೂ ಹೊರಬೇಕಾದೀತು.